ಸ್ವಂತ ತಂತ್ರಾಂಶಕ್ಕೆ ಪರೀಕ್ಷಾ ಸೇವೆ: ದರಕ್ಕಿಂತ ಒಡೆತನ ಮುಖ್ಯ

2025ರ ಸೆಪ್ಟೆಂಬರ್ 3ರಂದು ನಡೆದ ಜಿಎಸ್‌ಟಿ ಮಂಡಳಿಯ ಸಭೆಯು ತೆರಿಗೆ ದರಗಳ ಪುನರ್ರಚನೆಗೆ ಒಪ್ಪಿಗೆ ನೀಡಿತು. ಶೇಕಡಾ 12 ಮತ್ತು ಶೇಕಡಾ 28ರ ಹಂತಗಳಲ್ಲಿದ್ದ ಬಹುತೇಕ ಸರಕುಗಳು ಶೇಕಡಾ 5 ಮತ್ತು ಶೇಕಡಾ 18ರ ಹಂತಗಳಿಗೆ ಇಳಿದವು. ಹೊಸ ದರಗಳು ಅದೇ ತಿಂಗಳ 22ರಿಂದ ಜಾರಿಗೆ ಬಂದವು. ಸಿದ್ಧ ಲೆಕ್ಕಪತ್ರ ತಂತ್ರಾಂಶಗಳನ್ನು ಬಳಸುತ್ತಿದ್ದ ವರ್ತಕರಿಗೆ ಅದರ ತಯಾರಕರೇ ಪರಿಷ್ಕೃತ ಆವೃತ್ತಿ ಒದಗಿಸುತ್ತಾರೆ. ಆದರೆ ತಮ್ಮ ವ್ಯವಹಾರಕ್ಕೆ ತಕ್ಕಂತೆ ಬೀಜಕ, ದಾಸ್ತಾನು ಹಾಗೂ ಉತ್ಪಾದನಾ ಲೆಕ್ಕಗಳ ತಂತ್ರಾಂಶವನ್ನು ಬರೆಸಿಕೊಂಡಿರುವ ಸಣ್ಣ ಉದ್ದಿಮೆಗಳ ಪಾಲಿಗೆ ಅಂತಹ ಆಸರೆ ಇಲ್ಲ. ಮೂರು ವಾರಗಳಿಗೂ ಕಡಿಮೆ ಅವಧಿಯಲ್ಲಿ ಅವರ ಪ್ರೋಗ್ರಾಮರ್ ಬದಲಾವಣೆ ಮಾಡಿ ಮುಗಿಸಬೇಕಾಗಿತ್ತು.

ಇಂತಹ ಅವಸರದಲ್ಲಿಯೇ ತಪ್ಪುಗಳು ನುಸುಳುತ್ತವೆ. ಬೈಸಿಕಲ್ ಮೇಲಿನ ತೆರಿಗೆ ಶೇಕಡಾ 12ರಿಂದ 5ಕ್ಕೆ ಇಳಿಯಿತು ಎಂದು ದರಪಟ್ಟಿಯನ್ನು ತಿದ್ದುವುದು ಸುಲಭ. ಆದರೆ ಸೆಪ್ಟೆಂಬರ್ 10ರ ಬೀಜಕದ ಸರಕು ಅಕ್ಟೋಬರಿನಲ್ಲಿ ಹಿಂತಿರುಗಿ ಬಂದಾಗ ಕ್ರೆಡಿಟ್ ನೋಟ್ ಹಳೆಯ ದರದಲ್ಲಿಯೇ ಆಗಬೇಕು. ದರಪಟ್ಟಿಯನ್ನು ಮಾತ್ರ ತಿದ್ದಿದ ತಂತ್ರಾಂಶವು ಅಲ್ಲಿಯೂ ಶೇಕಡಾ 5 ಎಂದೇ ಲೆಕ್ಕ ಹಾಕುತ್ತದೆ. ಕಡಿಮೆ ತೆರಿಗೆ ಕಟ್ಟಿದರೆ ವ್ಯತ್ಯಾಸವನ್ನು ವಾರ್ಷಿಕ ಶೇಕಡಾ 18ರ ಬಡ್ಡಿಯೊಡನೆ ತೆರಬೇಕು. ಹೆಚ್ಚು ವಸೂಲು ಮಾಡಿದರೆ ಅದನ್ನು ಸರ್ಕಾರಕ್ಕೆ ಒಪ್ಪಿಸಬೇಕು. ಎರಡೂ ಸಂದರ್ಭಗಳಲ್ಲಿ ಹೊಣೆ ಉದ್ದಿಮೆಯ ಮಾಲೀಕನದೇ ಹೊರತು ಪ್ರೋಗ್ರಾಮರನದಲ್ಲ.

ಈ ಹಿನ್ನೆಲೆಯಲ್ಲಿ, ಇದುವರೆಗೆ ತಂತ್ರಾಂಶ ಕಂಪನಿಗಳ ವಿಷಯವೆಂದೇ ಭಾವಿಸಲಾಗಿದ್ದ ‘ಕಂಟಿನ್ಯುಯಸ್ ಇಂಟಿಗ್ರೇಷನ್’ ಎಂಬ ವ್ಯವಸ್ಥೆಯನ್ನು ಸಣ್ಣ ಉದ್ದಿಮೆದಾರರೂ ಅರಿತುಕೊಳ್ಳುವುದು ಅಗತ್ಯವಾಗಿದೆ. ಅದರ ಸೇವೆಯನ್ನು ಆಯುವಾಗ ಅವರು ಕೇಳಬೇಕಾದ ಪ್ರಶ್ನೆಗಳು ತಾಂತ್ರಿಕವಾದವುಗಳಿಗಿಂತ ಹೆಚ್ಚಾಗಿ ವ್ಯಾವಹಾರಿಕವಾದವು.

ಏನಿದು ವ್ಯವಸ್ಥೆ?

ಯಂತ್ರಭಾಗಗಳನ್ನು ತಯಾರಿಸುವವರೆಲ್ಲರೂ ಗೋ–ನೋಗೋ ಗೇಜನ್ನು ಬಲ್ಲರು. ಭಾಗವು ಅಳತೆಗೆ ಸರಿಯಿದೆಯೋ ಇಲ್ಲವೋ ಎಂಬುದನ್ನು ಅದು ಒಂದೇ ಕ್ಷಣದಲ್ಲಿ ಹೇಳುತ್ತದೆ. ನೋಡುವವನ ಅನುಭವವನ್ನಾಗಲಿ ಅಭಿಪ್ರಾಯವನ್ನಾಗಲಿ ಅದು ಅವಲಂಬಿಸುವುದಿಲ್ಲ. ಕಂಟಿನ್ಯುಯಸ್ ಇಂಟಿಗ್ರೇಷನ್ ತಂತ್ರಾಂಶಕ್ಕೆ ಅಂತಹುದೇ ಗೇಜು. ಪ್ರೋಗ್ರಾಮರನು ಮೂಲ ಸಂಕೇತದಲ್ಲಿ, ಅಂದರೆ ಸೋರ್ಸ್ ಕೋಡಿನಲ್ಲಿ, ಬದಲಾವಣೆ ಮಾಡಿ ಅದನ್ನು ಸಂಕೇತ ಭಂಡಾರಕ್ಕೆ ಸೇರಿಸಿದೊಡನೆ ಎಲ್ಲೋ ಒಂದು ಗಣಕಯಂತ್ರವು ತಾನಾಗಿಯೇ ಎಚ್ಚೆತ್ತು, ಇಡೀ ತಂತ್ರಾಂಶವನ್ನು ಹೊಸದಾಗಿ ಜೋಡಿಸಿ, ಮೊದಲೇ ಬರೆದಿಟ್ಟ ಪರೀಕ್ಷೆಗಳನ್ನು ನಡೆಸಿ, ಸರಿ ಅಥವಾ ತಪ್ಪು ಎಂಬ ವರದಿಯನ್ನು ನೀಡುತ್ತದೆ. ಸೆಪ್ಟೆಂಬರ್ 21ರ ಬೀಜಕ, 22ರ ಬೀಜಕ, ಹಳೆಯ ಬೀಜಕಕ್ಕೆ ಕ್ರೆಡಿಟ್ ನೋಟ್, ಹೊರರಾಜ್ಯದ ಗ್ರಾಹಕನಿಗೆ ಮಾರಾಟ – ಹೀಗೆ ಮೂವತ್ತು ನಲವತ್ತು ಮಾದರಿ ವ್ಯವಹಾರಗಳನ್ನು ಒಮ್ಮೆ ಬರೆದಿಟ್ಟರೆ ಸಾಕು. ಪ್ರತಿ ಬದಲಾವಣೆಯಲ್ಲಿಯೂ ಅವು ಮರುಪರೀಕ್ಷೆಗೆ ಒಳಗಾಗುತ್ತವೆ.

ಪ್ರೈವೇಟ್ ಲಿಮಿಟೆಡ್ ಸ್ವರೂಪದ ಉದ್ದಿಮೆಗಳಿಗೆ ಮತ್ತೊಂದು ಕಾರಣವೂ ಇದೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶವು ಪ್ರತಿ ವ್ಯವಹಾರದ ಹಾಗೂ ಪ್ರತಿ ತಿದ್ದುಪಡಿಯ ದಿನಾಂಕಸಹಿತ ಜಾಡನ್ನು ದಾಖಲಿಸಬೇಕು. ಆ ದಾಖಲೆಯನ್ನು ನಿಷ್ಕ್ರಿಯಗೊಳಿಸಲು ಸಾಧ್ಯವಿರಬಾರದು. ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಈ ಬಗ್ಗೆ ಹೇಳಲೇಬೇಕು. ಸ್ವಂತ ತಂತ್ರಾಂಶವುಳ್ಳ ಕಂಪನಿಯಲ್ಲಿ ಯಾವುದೋ ಸಣ್ಣ ಬದಲಾವಣೆಯ ನಡುವೆ ಈ ಜಾಡು ಕಡಿದುಹೋಗಲಿಲ್ಲ ಎಂಬುದಕ್ಕೆ ಸ್ವಯಂಚಾಲಿತ ಪರೀಕ್ಷೆಯ ದಾಖಲೆಗಿಂತ ಉತ್ತಮ ಪುರಾವೆ ಸಿಗುವುದು ಕಷ್ಟ.

ಆದರೆ ಒಂದು ಎಚ್ಚರಿಕೆ ಅಗತ್ಯ. ಪರೀಕ್ಷೆಗಳನ್ನೇ ಬರೆಯದೆ ಸೇವೆಗೆ ಮಾತ್ರ ಹಣ ತೆರುವುದು ಗೇಜನ್ನೇ ಕೊಡದೆ ಇನ್ಸ್‌ಪೆಕ್ಟರನನ್ನು ನೇಮಿಸಿಕೊಂಡಂತೆ. ಮಾದರಿ ವ್ಯವಹಾರಗಳ ಪಟ್ಟಿಯನ್ನು ಪ್ರೋಗ್ರಾಮರನಲ್ಲ, ಮಾಲೀಕ ಮತ್ತು ಆತನ ಲೆಕ್ಕಿಗರು ಕುಳಿತು ಸಿದ್ಧಪಡಿಸಬೇಕು.

ಮೊದಲ ಪ್ರಶ್ನೆ: ಸಂಕೇತ ಯಾರದು?

ಸೇವೆಗಳ ದರಪಟ್ಟಿಯನ್ನು ನೋಡುವ ಮೊದಲೇ ಇತ್ಯರ್ಥವಾಗಬೇಕಾದ ಪ್ರಶ್ನೆಯೊಂದಿದೆ. ಹಣ ಕೊಟ್ಟು ಬರೆಸಿದ ತಂತ್ರಾಂಶ ತಮ್ಮದೇ ಎಂದು ಹೆಚ್ಚಿನ ವರ್ತಕರು ನಂಬಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಗಣಕ ಪ್ರೋಗ್ರಾಮ್ ಒಂದು ಸಾಹಿತ್ಯಕ ಕೃತಿ. ಅದರ ಮೊದಲ ಒಡೆಯ ಅದನ್ನು ಬರೆದವನು. ಸಂಬಳದ ನೌಕರನು ಕೆಲಸದ ಭಾಗವಾಗಿ ಬರೆದಿದ್ದರೆ, ವಿರುದ್ಧವಾದ ಒಪ್ಪಂದವಿಲ್ಲದಿದ್ದಲ್ಲಿ, ಒಡೆತನ ಮಾಲೀಕನಿಗೆ ಸೇರುತ್ತದೆ. ಹೊರಗಿನ ಪ್ರೋಗ್ರಾಮರನಿಗೆ ಗುತ್ತಿಗೆ ಕೊಟ್ಟು ಬರೆಸಿದ್ದರೆ ಸಹಿ ಮಾಡಿದ ಲಿಖಿತ ಹಸ್ತಾಂತರ ಪತ್ರ ಬೇಕು. ಆ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಹಸ್ತಾಂತರವು 5 ವರ್ಷಗಳಿಗೆ ಮಾತ್ರ ಎಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯಿದೆಯ 19ನೆಯ ಪ್ರಕರಣ ಭಾವಿಸುತ್ತದೆ. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆಯು ಇಲ್ಲಿ ಕಾನೂನಿನ ಬಲದಿಂದಲೇ ನಿಜವಾಗುತ್ತದೆ.

ಕಾಗದದ ಮೇಲಿನ ಒಡೆತನದಷ್ಟೇ ಮುಖ್ಯವಾದುದು ಕೀಲಿಯ ಒಡೆತನ. ಅನೇಕ ಕಡೆ ಸಂಕೇತ ಭಂಡಾರದ ಖಾತೆಯು ಪ್ರೋಗ್ರಾಮರನ ಸ್ವಂತ ಇ-ಮೇಲ್ ವಿಳಾಸದಲ್ಲಿಯೂ ಪರೀಕ್ಷಾ ಸೇವೆಯ ಹಣ ಆತನ ಕ್ರೆಡಿಟ್ ಕಾರ್ಡಿನಿಂದಲೂ ನಡೆಯುತ್ತಿರುತ್ತದೆ. ಆತ ಬೇರೆ ಕೆಲಸ ಹಿಡಿದು ಹೊರಟ ದಿನ ಕಾರ್ಖಾನೆಯ ಲೆಕ್ಕದ ಮಿದುಳೇ ಹೊರಟಂತೆ. ಆದುದರಿಂದ ಖಾತೆಯು ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ಇ-ಮೇಲ್‌ನಲ್ಲಿ ಇರಬೇಕು. ಕನಿಷ್ಠ ಇಬ್ಬರು ಅದರ ಆಡಳಿತಾಧಿಕಾರ ಹೊಂದಿರಬೇಕು. ಅವರಲ್ಲಿ ಒಬ್ಬರು ಮಾಲೀಕರ ಕಡೆಯವರಾಗಿರಬೇಕು. ಈ ನಿಬಂಧನೆಗೆ ಒಪ್ಪದ ಪ್ರೋಗ್ರಾಮರನೊಡನೆ ಒಪ್ಪಂದ ಮಾಡಿಕೊಳ್ಳದಿರುವುದೇ ಲೇಸು.

ಉಚಿತವೆಂಬುದರ ಆಯುಷ್ಯ

ಈ ಸೇವೆಗಳ ಇತಿಹಾಸವು ವರ್ತಕರಿಗೆ ಒಳ್ಳೆಯ ಪಾಠ. 2011ರಲ್ಲಿ ಬರ್ಲಿನ್ ನಗರದಲ್ಲಿ ಹುಟ್ಟಿದ ಟ್ರಾವಿಸ್ ಸಿಐ ಬಹಿರಂಗ ಸಂಕೇತಗಳಿಗೆ ಉಚಿತ ಪರೀಕ್ಷೆ ಒದಗಿಸಿ ಜಗತ್ಪ್ರಸಿದ್ಧವಾಯಿತು. ಖಾಸಗಿ ಸಂಕೇತಗಳಿಗೆ ಮಾತ್ರ ಶುಲ್ಕ ಪಡೆಯುತ್ತಿತ್ತು. 2019ರ ಜನವರಿಯಲ್ಲಿ ಅಮೆರಿಕದ ಇಡೆರಾ ಕಂಪನಿ ಅದನ್ನು ಕೊಂಡಿತು. 2020ರ ನವೆಂಬರಿನಲ್ಲಿ ದರ ಪದ್ಧತಿಯೇ ಬದಲಾಯಿತು. 2021ರ ಜೂನ್‌ನಲ್ಲಿ ಅದರ ಹಳೆಯ ಉಚಿತ ತಾಣ ಮುಚ್ಚಿತು. ಗಿಟ್‌ಲ್ಯಾಬ್ ತನ್ನ ಉಚಿತ ಯೋಜನೆಯಲ್ಲಿ ತಿಂಗಳಿಗೆ ಕೊಡುತ್ತಿದ್ದ 2,000 ನಿಮಿಷಗಳನ್ನು 2020ರ ಅಕ್ಟೋಬರ್ 1ರಿಂದ 400ಕ್ಕೆ ಇಳಿಸಿತು. ಗಿಟ್‌ಹಬ್ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯಿತು. 2018ರಲ್ಲಿ ಮೈಕ್ರೋಸಾಫ್ಟ್ ಸುಪರ್ದಿಗೆ ಬಂದ ನಂತರ 2019ರಲ್ಲಿ ಖಾಸಗಿ ಭಂಡಾರಗಳನ್ನು ಮೂವರು ಸಹಯೋಗಿಗಳ ಮಿತಿಯೊಡನೆ ಉಚಿತಗೊಳಿಸಿತು. 2020ರ ಏಪ್ರಿಲ್‌ನಲ್ಲಿ ಆ ಮಿತಿಯನ್ನೂ ತೆಗೆಯಿತು. ಅದೇ ಸಂಸ್ಥೆ 2025ರ ಡಿಸೆಂಬರಿನಲ್ಲಿ, ಗ್ರಾಹಕರು ತಮ್ಮ ಸ್ವಂತ ಯಂತ್ರದಲ್ಲಿ ನಡೆಸುವ ಪರೀಕ್ಷೆಗೂ ನಿಮಿಷಕ್ಕಿಷ್ಟು ಎಂದು ಶುಲ್ಕ ಘೋಷಿಸಿ, ವಿರೋಧ ಬಂದ ಬಳಿಕ ಅದನ್ನು ಮುಂದೂಡಿತು.

ಇದರಲ್ಲಿ ಯಾರನ್ನೂ ದೂರಬೇಕಾದುದಿಲ್ಲ. ಸೇವೆ ನೀಡುವವರೂ ವ್ಯಾಪಾರಿಗಳೇ. ವಿದ್ಯುತ್ತು ಮತ್ತು ಯಂತ್ರಗಳಿಗೆ ಅವರೂ ಹಣ ತೆರುತ್ತಾರೆ. ಆದರೆ ಇಂದಿನ ದರವು ಮೂರು ವರ್ಷಗಳ ನಂತರವೂ ಇರುತ್ತದೆಂದು ನಂಬಿ ಲೆಕ್ಕ ಹಾಕುವುದು ವಿವೇಕವಲ್ಲ. ಆದ್ದರಿಂದ ‘ಯಾವ ಸೇವೆ ಅಗ್ಗ’ ಎಂಬುದಕ್ಕಿಂತ ‘ಈ ಸೇವೆಯನ್ನು ಬಿಟ್ಟು ಹೊರಬರಲು ಎಷ್ಟು ದಿನ ಬೇಕು’ ಎಂಬ ಪ್ರಶ್ನೆಗೆ ಹೆಚ್ಚು ಬೆಲೆಯಿದೆ.

ಇದಕ್ಕೆ ಉಪಾಯ ಸರಳ. ಪರೀಕ್ಷೆಯ ಹಂತಗಳನ್ನೆಲ್ಲ ಸೇವಾದಾರನ ವಿಶಿಷ್ಟ ಭಾಷೆಯಲ್ಲಿ ಬರೆಯದೆ, ಸ್ವಂತ ಭಂಡಾರದಲ್ಲಿಯೇ ಒಂದು ಸಾಮಾನ್ಯ ಆದೇಶ ಕಡತವಾಗಿ ಬರೆದಿಡಬೇಕು. ಸೇವಾದಾರನ ಕಡತದಲ್ಲಿ ‘ಆ ಆದೇಶವನ್ನು ನಡೆಸು’ ಎಂಬ ಒಂದೆರಡು ಸಾಲುಗಳಿದ್ದರೆ ಸಾಕು. ಆಗ ಪ್ರೋಗ್ರಾಮರನ ಮೇಜಿನ ಗಣಕದಲ್ಲಿಯೂ ಬೇರೆ ಯಾವುದೇ ಸೇವೆಯಲ್ಲಿಯೂ ಅದೇ ಪರೀಕ್ಷೆ ನಡೆಯುತ್ತದೆ. ಗುತ್ತಿಗೆ ಪತ್ರದಲ್ಲಿ ಈ ಒಂದು ಷರತ್ತನ್ನು ಸೇರಿಸುವುದರಿಂದ ಖರ್ಚೇನೂ ಹೆಚ್ಚುವುದಿಲ್ಲ.

ನಿಮಿಷಗಳ ಲೆಕ್ಕ

ಹಿಂದಿನ ಎಸ್‌ಟಿಡಿ ಬೂತುಗಳ ಪಲ್ಸ್ ಲೆಕ್ಕವನ್ನು ಬಲ್ಲವರಿಗೆ ಈ ಸೇವೆಗಳ ದರಪಟ್ಟಿ ಕಷ್ಟವಾಗಲಾರದು. ಯಂತ್ರವು ದುಡಿದ ನಿಮಿಷಗಳಿಗೆ ಶುಲ್ಕ. ಒಂದು ಉದ್ದಿಮೆಯಲ್ಲಿ ಇಬ್ಬರು ಪ್ರೋಗ್ರಾಮರುಗಳಿದ್ದು, ಪ್ರತಿಯೊಬ್ಬರೂ ದಿನಕ್ಕೆ 8 ಬಾರಿ ಸಂಕೇತ ಸೇರಿಸುತ್ತಾರೆ, ಪ್ರತಿ ಪರೀಕ್ಷೆಗೆ 6 ನಿಮಿಷ ಹಿಡಿಯುತ್ತದೆ ಎಂದಿರಲಿ. ದಿನಕ್ಕೆ 96 ನಿಮಿಷ. 25 ಕೆಲಸದ ದಿನಗಳಿಗೆ 2,400 ನಿಮಿಷ. ಗಿಟ್‌ಹಬ್‌ನ ಉಚಿತ ಯೋಜನೆಯಲ್ಲಿ ಖಾಸಗಿ ಭಂಡಾರಗಳಿಗೆ ದೊರೆಯುವ 2,000 ನಿಮಿಷಗಳು 21ನೆಯ ಕೆಲಸದ ದಿನ ಮುಗಿಯುತ್ತವೆ. ಗಿಟ್‌ಲ್ಯಾಬ್‌ನ 400 ನಿಮಿಷಗಳು 5ನೆಯ ದಿನ ಮುಗಿಯುತ್ತವೆ. ಬಿಟ್‌ಬಕೆಟ್‌ನ ಉಚಿತ 50 ನಿಮಿಷಗಳು ಮೊದಲ ದಿನದ ಮಧ್ಯಾಹ್ನವನ್ನೂ ದಾಟುವುದಿಲ್ಲ.

ಹಾಗೆಂದು ಹೆದರಬೇಕಾಗಿಲ್ಲ. ಪ್ರತಿ ಬಾರಿಯೂ ಹೊರಗಿನ ಕಡತಗಳನ್ನು ಹೊಸದಾಗಿ ಇಳಿಸಿಕೊಳ್ಳದೆ ಉಳಿಸಿಟ್ಟುಕೊಂಡು 6 ನಿಮಿಷಗಳನ್ನು 4ಕ್ಕೆ ತಂದರೆ ತಿಂಗಳ ಬಳಕೆ 1,600ಕ್ಕೆ ಇಳಿಯುತ್ತದೆ. ವಿವರಣಾ ಪತ್ರಗಳನ್ನು ಮಾತ್ರ ತಿದ್ದಿದಾಗ ಪರೀಕ್ಷೆ ಬೇಡವೆಂದರೆ ಇನ್ನೂ ಕಡಿಮೆ. ಮಿತಿ ಮೀರಿದರೂ ಗಿಟ್‌ಹಬ್‌ನ ಸಾಮಾನ್ಯ ಲಿನಕ್ಸ್ ಯಂತ್ರದ ಒಂದು ನಿಮಿಷಕ್ಕೆ ಒಂದು ಸೆಂಟಿಗಿಂತ ಕಡಿಮೆ ದರ; ಹೆಚ್ಚುವರಿ 400 ನಿಮಿಷಗಳಿಗೆ 4 ಡಾಲರನ್ನೂ ಮುಟ್ಟುವುದಿಲ್ಲ.

ಗಮನಿಸಬೇಕಾದ ಅಂಶಗಳು ಮೂರು. ಮೊದಲನೆಯದಾಗಿ, ಗಿಟ್‌ಹಬ್‌ನಲ್ಲಿ ಪ್ರತಿ ಕೆಲಸದ ಅವಧಿಯನ್ನೂ ಮುಂದಿನ ಪೂರ್ಣ ನಿಮಿಷಕ್ಕೆ ಏರಿಸಲಾಗುತ್ತದೆ. 20 ಸೆಕೆಂಡುಗಳ ಐದು ಕೆಲಸಗಳಿಗೆ ಐದು ನಿಮಿಷಗಳ ಲೆಕ್ಕ. ಎರಡನೆಯದಾಗಿ, ವಿಂಡೋಸ್ ಯಂತ್ರದ ನಿಮಿಷವು ಲಿನಕ್ಸ್ ಯಂತ್ರದ ನಿಮಿಷಕ್ಕಿಂತ ದುಬಾರಿ. ಮ್ಯಾಕ್ ಯಂತ್ರದ್ದು ಇನ್ನೂ ಹಲವು ಪಟ್ಟು. ವಿಂಡೋಸ್ ಮೇಲೆಯೇ ನಡೆಯುವ ಹಳೆಯ ಬೀಜಕ ತಂತ್ರಾಂಶವುಳ್ಳವರು ಇದನ್ನು ಮೊದಲೇ ಲೆಕ್ಕ ಹಾಕಬೇಕು. ಮೂರನೆಯದಾಗಿ, ತಿಂಗಳ ಗರಿಷ್ಠ ವೆಚ್ಚವನ್ನು ಖಾತೆಯಲ್ಲಿಯೇ ನಿಗದಿಪಡಿಸಬೇಕು. ತಪ್ಪಾಗಿ ಬರೆದ ಪರೀಕ್ಷೆಯೊಂದು ರಾತ್ರಿಯಿಡೀ ಸುತ್ತಿದರೆ ಮೀಟರು ಯಾರಿಗೂ ಕಾಯುವುದಿಲ್ಲ.

ಕೀಲಿಗಳ ಅಪಾಯ

ಸಂಕೇತ ಭಂಡಾರ ಖಾಸಗಿಯಾಗಿದ್ದ ಮಾತ್ರಕ್ಕೆ ಸುರಕ್ಷಿತವಲ್ಲ. ಪರೀಕ್ಷಾ ಸೇವೆಗೆ ಸಂಕೇತವನ್ನು ಓದುವ ಅಧಿಕಾರವನ್ನು ಕೊಡಲೇಬೇಕು. ಜೊತೆಗೆ ದತ್ತಾಂಶ ಕೋಶ, ಬ್ಯಾಂಕಿನ ಸಂಪರ್ಕ, ಇ-ಇನ್‌ವಾಯ್ಸ್ ಪೋರ್ಟಲ್ ಮುಂತಾದವುಗಳ ರಹಸ್ಯ ಪದಗಳನ್ನೂ ಪ್ರೋಗ್ರಾಮರುಗಳು ಅನುಕೂಲಕ್ಕಾಗಿ ಅಲ್ಲಿಯೇ ಇಡುತ್ತಾರೆ. 2023ರ ಜನವರಿ 4ರಂದು ಸರ್ಕಲ್‌ಸಿಐ ಸಂಸ್ಥೆಯು ತನ್ನಲ್ಲಿ ಇಟ್ಟಿರುವ ರಹಸ್ಯ ಪದಗಳನ್ನೆಲ್ಲ ಕೂಡಲೇ ಬದಲಿಸುವಂತೆ ಗ್ರಾಹಕರಿಗೆ ಸೂಚಿಸಿತು. ಸಂಸ್ಥೆಯ ಎಂಜಿನಿಯರೊಬ್ಬರ ಲ್ಯಾಪ್‌ಟಾಪಿಗೆ ನುಸುಳಿದ ಕುತಂತ್ರಾಂಶ ಅದಕ್ಕೆ ಮೂಲವಾಗಿತ್ತು. 2025ರ ಮಾರ್ಚಿನಲ್ಲಿ ಗಿಟ್‌ಹಬ್‌ನಲ್ಲಿ 23,000ಕ್ಕೂ ಹೆಚ್ಚು ಭಂಡಾರಗಳು ಬಳಸುತ್ತಿದ್ದ, ಮೂರನೆಯವರು ಬರೆದ ಸಿದ್ಧ ಭಾಗವೊಂದನ್ನು ದುಷ್ಕರ್ಮಿಗಳು ತಿದ್ದಿ, ರಹಸ್ಯ ಪದಗಳು ಪರೀಕ್ಷಾ ವರದಿಯಲ್ಲಿಯೇ ಮುದ್ರಿತವಾಗುವಂತೆ ಮಾಡಿದ್ದರು. ಕಾವಲಿಗೆ ಹಾಕಿದ ಬೇಲಿಯೇ ಹೊಲ ಮೇಯ್ದ ಪ್ರಸಂಗಗಳಿವು.

ಸಣ್ಣ ಉದ್ದಿಮೆಗಳು ಅನುಸರಿಸಬೇಕಾದ ನಿಯಮಗಳು ಹೆಚ್ಚಿಲ್ಲ. ಪರೀಕ್ಷಾ ಸೇವೆಯಲ್ಲಿ ನಿಜವಾದ ಬ್ಯಾಂಕಿನ ಅಥವಾ ತೆರಿಗೆ ಪೋರ್ಟಲಿನ ರಹಸ್ಯ ಪದಗಳಿರಬಾರದು. ಪರೀಕ್ಷೆಗೆ ಕಲ್ಪಿತ ಗ್ರಾಹಕರ ಹೆಸರುಗಳನ್ನೇ ಬಳಸಬೇಕು. ನಿಜವಾದ ಗ್ರಾಹಕರ ಫೋನ್ ಸಂಖ್ಯೆ, ವಿಳಾಸಗಳನ್ನು ಅಲ್ಲಿಗೆ ಕಳುಹಿಸುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ದೃಷ್ಟಿಯಿಂದಲೂ ಅಪಾಯಕರ. ಭದ್ರತಾ ಲೋಪಕ್ಕೆ ಅದು ವಿಧಿಸಬಹುದಾದ ಗರಿಷ್ಠ ದಂಡ 250 ಕೋಟಿ ರೂಪಾಯಿ. ಕೊನೆಯದಾಗಿ, ಇಡೀ ಭಂಡಾರದ ಒಂದು ಪ್ರತಿಯನ್ನು ವಾರಕ್ಕೊಮ್ಮೆ ಬೇರೊಂದು ಕಡೆ ತೆಗೆದಿಡಬೇಕು. 2014ರ ಜೂನ್‌ನಲ್ಲಿ ಕೋಡ್ ಸ್ಪೇಸಸ್ ಎಂಬ ಸಂಕೇತ ಭಂಡಾರ ಸಂಸ್ಥೆಯ ನಿಯಂತ್ರಣ ಖಾತೆಗೆ ನುಗ್ಗಿದವರು ಗ್ರಾಹಕರ ದತ್ತಾಂಶ ಮತ್ತು ಅದರ ಪ್ರತಿಗಳನ್ನು ಅಳಿಸಿದರು, ಸಂಸ್ಥೆಯೇ ಮುಚ್ಚಿಹೋಯಿತು. ಪ್ರತಿಗಳೂ ಅದೇ ಮನೆಯಲ್ಲಿದ್ದುದು ಅಲ್ಲಿ ಆದ ತಪ್ಪು.

ಸ್ವಂತ ಯಂತ್ರವೇ ಲೇಸಲ್ಲವೇ?

ಹೊರಗಿನವರ ಸಹವಾಸವೇ ಬೇಡ, ಕಚೇರಿಯ ಹಳೆಯ ಗಣಕದಲ್ಲಿಯೇ ಈ ವ್ಯವಸ್ಥೆ ಇರಲಿ ಎಂಬ ವಾದವೂ ಕೇಳಿಬರುತ್ತದೆ. 2005ರಲ್ಲಿ ಹಡ್ಸನ್ ಎಂಬ ಹೆಸರಿನಿಂದ ಹೊರಬಂದು, ಒರಾಕಲ್ ಕಂಪನಿಯೊಡನೆ ವಿವಾದವಾದ ನಂತರ 2011ರಲ್ಲಿ ಜೆಂಕಿನ್ಸ್ ಎಂದು ಮರುನಾಮಕರಣಗೊಂಡ ತಂತ್ರಾಂಶವು ಉಚಿತವೂ ಹೌದು, ಸಮರ್ಥವೂ ಹೌದು. ಆದರೆ ಅದಕ್ಕೆ ಆರೈಕೆ ಬೇಕು. 2024ರ ಜನವರಿಯಲ್ಲಿ ಅದರಲ್ಲಿ ಪ್ರಕಟವಾದ ದೋಷವೊಂದು ಹೊರಗಿನವರು ಯಂತ್ರದೊಳಗಿನ ಕಡತಗಳನ್ನು ಓದಲು ಅವಕಾಶ ನೀಡುತ್ತಿತ್ತು. ಕೂಡಲೇ ಪರಿಷ್ಕೃತ ಆವೃತ್ತಿ ಹಾಕಿಕೊಂಡವರು ಬಚಾವಾದರು. ಯಾರ ಹೊಣೆಯೂ ಅಲ್ಲದ ಯಂತ್ರವೊಂದು ಮೂಲೆಯಲ್ಲಿ ಇಂಟರ್‌ನೆಟ್‌ಗೆ ತೆರೆದುಕೊಂಡು ಕುಳಿತಿರುವುದಕ್ಕಿಂತ ತಿಂಗಳಿಗೆ ಕೆಲವು ಡಾಲರು ಕೊಡುವುದು ಉತ್ತಮ. ಯಂತ್ರವನ್ನು ನೋಡಿಕೊಳ್ಳುವ ಪೂರ್ಣಾವಧಿ ಸಿಬ್ಬಂದಿ ಇರುವವರಿಗೆ, ಅಥವಾ ಕಾರ್ಖಾನೆಯ ಯಂತ್ರಗಳಿಗೆ ನೇರ ಜೋಡಣೆ ಬೇಕಾದ ತಂತ್ರಾಂಶವುಳ್ಳವರಿಗೆ ಮಾತ್ರ ಸ್ವಂತ ವ್ಯವಸ್ಥೆ ಸೂಕ್ತ.

ತೆರಿಗೆ ಮತ್ತು ಪಾವತಿ

ಈ ಸೇವೆಗಳಲ್ಲಿ ಹೆಚ್ಚಿನವು ವಿದೇಶದಿಂದ ಬರುತ್ತವೆ. ಹಾಗಾಗಿ ಇದು ಸೇವೆಯ ಆಮದು. ನೋಂದಾಯಿತ ವರ್ತಕನು ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ಶೇಕಡಾ 18ರ ಐಜಿಎಸ್‌ಟಿಯನ್ನು ತಾನೇ ತೆರಬೇಕು. ಈ ತೆರಿಗೆಯನ್ನು ಜಮೆಯ ಖಾತೆಯಿಂದಲ್ಲ, ನಗದು ಖಾತೆಯಿಂದಲೇ ಕಟ್ಟಬೇಕು. ಕಟ್ಟಿದ ಮೇಲೆ ಅರ್ಹರು ಅದನ್ನು ಹೂಡುವಳಿ ತೆರಿಗೆಯಾಗಿ ಜಮೆ ಪಡೆಯಬಹುದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಆ ಜಮೆ ಇಲ್ಲ, ಅವರ ಪಾಲಿಗೆ ಅದು ವೆಚ್ಚವೇ. ಸೇವಾದಾರನ ಖಾತೆಯಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆಯನ್ನು ನಮೂದಿಸದಿದ್ದರೆ, ವಿದೇಶಿ ಸಂಸ್ಥೆಯು ಸಾಮಾನ್ಯ ಬಳಕೆದಾರನೆಂದು ಭಾವಿಸಿ ತಾನೇ ತೆರಿಗೆ ಸೇರಿಸಿ ಬಿಲ್ಲು ಮಾಡುತ್ತದೆ. ಅಂತಹ ಬಿಲ್ಲಿನ ಮೇಲೆ ಜಮೆ ದೊರೆಯದು. ಪ್ರೋಗ್ರಾಮರನ ಕಾರ್ಡಿನಿಂದ ಹಣ ಕಟ್ಟಿಸಿ ನಂತರ ನಗದಾಗಿ ಮರುಪಾವತಿ ಮಾಡುವ ಪದ್ಧತಿಯಲ್ಲಿ ಈ ತೊಂದರೆ ಖಂಡಿತ.

ಪಾವತಿಯ ಬಗ್ಗೆಯೂ ಒಂದು ಮಾತು. 2021ರ ಅಕ್ಟೋಬರ್ 1ರಿಂದ ಕಾರ್ಡುಗಳ ಮೇಲಿನ ನಿಯತಕಾಲಿಕ ಕಡಿತಕ್ಕೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಮುಂಚಿತ ನೋಂದಣಿ ಬೇಕು. ನೋಂದಣಿ ಇಲ್ಲದಿದ್ದರೆ ಪಾವತಿ ನಿಂತು, ಗೊತ್ತಾಗುವ ಮೊದಲೇ ಸೇವೆ ಸ್ಥಗಿತವಾಗಬಹುದು. ಇದು ಲೆಕ್ಕಿಗರ ಮಾಸಿಕ ಪಟ್ಟಿಯಲ್ಲಿ ಸೇರಬೇಕಾದ ವಿಷಯ.

ಆಯ್ಕೆ ಹೇಗಿರಬೇಕು?

ಒಟ್ಟಾರೆ ನೋಡಿದಾಗ, ಒಬ್ಬಿಬ್ಬರು ಪ್ರೋಗ್ರಾಮರುಗಳಿರುವ ಸಣ್ಣ ಉದ್ದಿಮೆಗೆ ಸಂಕೇತ ಭಂಡಾರ ಎಲ್ಲಿದೆಯೋ ಅಲ್ಲಿಯೇ ದೊರೆಯುವ ಪರೀಕ್ಷಾ ಸೇವೆ ಸಾಕು. ಮತ್ತೊಂದು ಸಂಸ್ಥೆಗೆ ಭಂಡಾರದ ಕೀಲಿ ಕೊಡುವ ಅಪಾಯ ಅದರಿಂದ ತಪ್ಪುತ್ತದೆ, ಬಿಲ್ಲೂ ಒಂದೇ ಆಗುತ್ತದೆ. ತಿಂಗಳಿಗೆ ನಾಲ್ಕೈದು ಡಾಲರು ಉಳಿಸಲೆಂದು ಬೇರೆ ಸೇವೆಗೆ ಹೋಗುವುದು ಲಾಭವಲ್ಲ. ಆ ಶ್ರಮವನ್ನು ಮಾದರಿ ವ್ಯವಹಾರಗಳ ಪಟ್ಟಿಗೆ, ಹಸ್ತಾಂತರ ಪತ್ರಕ್ಕೆ ಮತ್ತು ವಾರದ ಪ್ರತಿಗೆ ವಿನಿಯೋಗಿಸುವುದು ಲಾಭ.

ವಾಣಿಜ್ಯ ಸಂಸ್ಥೆಗಳೂ ಈ ದಿಕ್ಕಿನಲ್ಲಿ ನೆರವಾಗಬಹುದು. ತಂತ್ರಾಂಶ ಗುತ್ತಿಗೆಗೆ ಕನ್ನಡದಲ್ಲಿ ಒಂದು ಮಾದರಿ ಒಪ್ಪಂದ ಪತ್ರ, ಜಿಎಸ್‌ಟಿ ದರ ಬದಲಾವಣೆಗೆ ಸಂಬಂಧಿಸಿದ ಮಾದರಿ ಪರೀಕ್ಷೆಗಳ ಒಂದು ಪಟ್ಟಿ – ಇವೆರಡನ್ನು ಸದಸ್ಯರಿಗೆ ಒದಗಿಸಿದರೆ ಅನೇಕ ಸಣ್ಣ ಘಟಕಗಳಿಗೆ ಉಪಕಾರವಾದೀತು. ದರಗಳು ಮತ್ತೊಮ್ಮೆ ಬದಲಾಗುವುದಿಲ್ಲವೆಂದು ಯಾರೂ ಹೇಳಲಾರರು. ಮುಂದಿನ ಬದಲಾವಣೆಯ ಹಿಂದಿನ ರಾತ್ರಿ ತಂತ್ರಾಂಶದ ಕೀಲಿ ಮಾಲೀಕನ ಕೈಯಲ್ಲಿಯೂ, ಪರೀಕ್ಷೆಯ ವರದಿ ಲೆಕ್ಕಿಗರ ಮೇಜಿನ ಮೇಲೆಯೂ ಇರಬೇಕಾದರೆ ಸಿದ್ಧತೆಯನ್ನು ಈಗಲೇ ಕೈಗೊಳ್ಳಬೇಕು.